ವ್ಯಾಯಾಮವೂ ಕೈಗಡಿಯಾರವೂ

ಶರೀರಕ್ಕೆ ವ್ಯಾಯಾಮವು ಅವಶ್ಯಕವೆಂಬುದನ್ನು ವಾಚಕ ಮಹಾಶಯರಿಗೆ ನಾವು ಹೊಸದಾಗಿ ತಿಳಿಸಬೇಕಾದುದಿಲ್ಲ. ದಂತಧಾವನ, ಅಭ್ಯಂಗ, ಸ್ನಾನಗಳೊಡನೆ ವ್ಯಾಯಾಮವನ್ನೂ ದಿನಚರ್ಯೆಯಲ್ಲಿ ಸೇರಿಸಿ ನಮ್ಮ ವೈದ್ಯಗ್ರಂಥಗಳು ವಿಧಿಸಿರುವುವು. ಈಚೆಗೆ ಹೊಸದಾಗಿ ಬಂದಿರುವುದು ಆ ವ್ಯಾಯಾಮದ ಲೆಕ್ಕವನ್ನು ಕ್ಷಣಕ್ಷಣಕ್ಕೂ ಬರೆದಿಡುವ ಪದ್ಧತಿ. ಮುಂಜಾನೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಸಂಚಾರಕ್ಕೆ ಹೋದರೆ, ಎದುರಿಗೆ ಬರುವವರಲ್ಲಿ ಅನೇಕರು ನಡುನಡುವೆ ಮಣಿಕಟ್ಟನ್ನು ತಿರುಗಿಸಿ ನೋಡಿಕೊಳ್ಳುವುದು ಕಾಣಬರುವುದು. ಹೊತ್ತೆಷ್ಟಾಯಿತೆಂದು ನೋಡುವವರು ಅವರಲ್ಲಿ ವಿರಳ. ಎಷ್ಟು ದೂರ ನಡೆದೆವು, ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ, ಎಷ್ಟು ಕ್ಯಾಲೊರಿ ವ್ಯಯವಾಯಿತು ಎಂಬಿವೇ ಅವರಿಗೆ ಬೇಕಾದ ವಿಷಯಗಳು. ಮಕ್ಕಳು ತಂದುಕೊಟ್ಟ ಸ್ಮಾರ್ಟ್ ವಾಚನ್ನು ಕಟ್ಟಿಕೊಂಡ ಹಿರಿಯರೂ ಈಗ ಈ ಗುಂಪಿನಲ್ಲಿ ಸೇರಿರುವರಾದ್ದರಿಂದ, ಗೃಹಸ್ಥರಿಗೆ ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ಇಲ್ಲಿ ಬರೆಯುವೆವು.

ಈ ಗಡಿಯಾರಗಳಲ್ಲಿ ವ್ಯಾಯಾಮದ ಲೆಕ್ಕಕ್ಕೆಂದು ತಯಾರಕರೇ ಇಟ್ಟುಕೊಟ್ಟಿರುವ ಆ್ಯಪ್ ಒಂದಿರುವುದು. ಅದಲ್ಲದೆ ಬೇರೆ ಕಂಪೆನಿಗಳವರು ಮಾಡಿದ ಆ್ಯಪುಗಳನ್ನೂ ಹಾಕಿಕೊಳ್ಳಬಹುದು. ಗಡಿಯಾರವನ್ನು ಮಾಡಿದವರು ಒಬ್ಬರು, ಕಟ್ಟಿಕೊಂಡವರು ಇನ್ನೊಬ್ಬರು. ಇವರಿಬ್ಬರಿಗೂ ಹೊರತಾಗಿ ನಡುವೆ ಬಂದು ಲೆಕ್ಕ ಬರೆಯುವವರು ಮೂರನೆಯವರು. ಆಪಲ್ ಕಂಪೆನಿಯ ಕೈಗಡಿಯಾರವು 2015ರ ಏಪ್ರಿಲಿನಲ್ಲಿ ಮಾರಾಟಕ್ಕೆ ಬಂದಿತು. ಮೂರನೆಯವರ ಆ್ಯಪುಗಳು ಗಡಿಯಾರದ ಮೇಲೆಯೇ ನಡೆಯುವ ಅನುಕೂಲವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒದಗಿತು. 2009ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಸ್ಟ್ರಾವಾ ಎಂಬುದು ಇಂತಹ ಮೂರನೆಯವರಲ್ಲಿ ಪ್ರಸಿದ್ಧವಾದುದು.

ಮನೆಯಲ್ಲಿಯೇ ಲೆಕ್ಕ ಬರೆಯುವವನಿರಲು ಹೊರಗಿನ ಗುಮಾಸ್ತನೇಕೆ ಎಂದು ಕೇಳಬಹುದು. ಕಾರಣಗಳಿಲ್ಲದೆ ಇಲ್ಲ. ಭಾರ ಎತ್ತುವವರಿಗೆ ಎಷ್ಟು ಭಾರವನ್ನು ಎಷ್ಟು ಆವೃತ್ತಿ ಎತ್ತಿದೆವೆಂಬುದನ್ನು ಬರೆದಿಡಬೇಕು. ಸೈಕಲ್ಲಿನಲ್ಲಿ ದೂರ ಹೋಗುವವರಿಗೆ ದಾರಿಯ ನಕ್ಷೆ ಬೇಕು. ತಂದೆಯ ಗಡಿಯಾರ ಒಂದು ಕಂಪೆನಿಯದು, ಮಗನದು ಮತ್ತೊಂದರದು ಆಗಿರುವ ಮನೆಗಳಲ್ಲಿ ಇಬ್ಬರ ಲೆಕ್ಕವೂ ಒಂದೇ ಬಗೆಯ ಪುಸ್ತಕದಲ್ಲಿರುವುದು ಅನುಕೂಲ. ಹೊರಗಿನ ಆ್ಯಪು ಈ ಕೆಲಸಗಳನ್ನು ಚೆನ್ನಾಗಿಯೇ ಮಾಡುವುದು. ಆದರೆ ಗುಮಾಸ್ತನನ್ನು ನೇಮಿಸಿಕೊಳ್ಳುವ ಯಜಮಾನನು ಎರಡು ಸಂಗತಿಗಳನ್ನು ತಿಳಿದಿರಬೇಕು: ಅವನು ಬರೆಯುವ ಲೆಕ್ಕದಲ್ಲಿ ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂಬುದೊಂದು, ಆ ಪುಸ್ತಕವನ್ನು ಅವನು ಯಾರುಯಾರಿಗೆ ತೋರಿಸುವನೆಂಬುದು ಇನ್ನೊಂದು.

ಮೊದಲನೆಯದನ್ನು ವಿಚಾರಿಸೋಣ. ಗಡಿಯಾರದ ಬೆನ್ನಿನಲ್ಲಿ ಹಸಿರು ದೀಪಗಳಿರುವುವು. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುವುದು. ಹೃದಯವು ಬಡಿದಾಗ ಮಣಿಕಟ್ಟಿನಲ್ಲಿ ರಕ್ತದ ಪ್ರವಾಹ ಹೆಚ್ಚಿ, ಹೀರಲ್ಪಡುವ ಬೆಳಕೂ ಹೆಚ್ಚುವುದು. ಎರಡು ಬಡಿತಗಳ ನಡುವೆ ಕಡಿಮೆಯಾಗುವುದು. ಈ ಏರಿಳಿತವನ್ನು ಎಣಿಸಿ ಯಂತ್ರವು ನಾಡಿಯನ್ನು ತಿಳಿಯುವುದು. ಕೈಯ ಅಲುಗಾಟವನ್ನು ಗುರುತಿಸುವ ಸಣ್ಣದೊಂದು ಅಂಗವು ಹೆಜ್ಜೆಗಳನ್ನು ಎಣಿಸುವುದು. ಆಕಾಶದ ಉಪಗ್ರಹಗಳಿಂದ ಬರುವ ಸಂಕೇತಗಳ ಮೂಲಕ ನಾವಿರುವ ಸ್ಥಳವು ಗೊತ್ತಾಗುವುದು. ವ್ಯಾಯಾಮದ ಲೆಕ್ಕಕ್ಕೆ ಮುಖ್ಯ ಸಾಕ್ಷಿಗಳು ಈ ಮೂರೇ. ವ್ಯಯವಾದ ಕ್ಯಾಲೊರಿ, ದೇಹದ ಕ್ಷಮತೆ, ನಾಳೆ ಎಷ್ಟು ವಿಶ್ರಾಂತಿ ಬೇಕೆಂಬ ಸಲಹೆ ಮೊದಲಾದುವುಗಳನ್ನು ಈ ಸಾಕ್ಷಿಗಳ ಮೇಲೆ ನಮ್ಮ ವಯಸ್ಸು, ತೂಕಗಳನ್ನೂ ಸೇರಿಸಿ ಆ್ಯಪು ಗುಣಿಸಿ ಹೇಳುವುದು. ತರ್ಕಶಾಸ್ತ್ರದ ಪರಿಭಾಷೆಯಲ್ಲಿ, ಮೊದಲಿನವು ಪ್ರತ್ಯಕ್ಷಕ್ಕೆ ಸಮೀಪವಾದುವು, ಉಳಿದುವು ಅನುಮಾನಗಳು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸರಿಯೇ. ಮಂಜನ್ನು ಹೊಗೆಯೆಂದು ತಿಳಿದವನ ಊಹೆ ಮಾತ್ರ ಕೆಡುವುದು.

ಸಾಕ್ಷಿಯೇ ತಪ್ಪುವ ಸಂದರ್ಭಗಳೂ ಉಂಟು. ಗಡಿಯಾರದ ಪಟ್ಟಿ ಸಡಿಲವಾಗಿದ್ದರೆ ನಾಡಿಯ ಎಣಿಕೆ ಕೆಡುವುದು. ಡಂಬೆಲ್ಲನ್ನು ಬಿಗಿಯಾಗಿ ಹಿಡಿದು ಮಣಿಕಟ್ಟನ್ನು ಮಡಿಸಿದಾಗಲೂ ಹಾಗೆಯೇ. ಎರಡು ಕೈಗಳಲ್ಲಿಯೂ ತರಕಾರಿಯ ಚೀಲಗಳನ್ನು ಹಿಡಿದು ಮಾರುಕಟ್ಟೆಯಿಂದ ನಡೆದು ಬಂದ ಗೃಹಿಣಿಯ ಹೆಜ್ಜೆಗಳಲ್ಲಿ ಎಷ್ಟೋ ಲೆಕ್ಕಕ್ಕೆ ಬಾರದೆ ಹೋಗುವುವು. ಕೈಬೀಸಿಕೊಂಡು ಜೊತೆಯಲ್ಲಿ ಬಂದ ಯಜಮಾನರ ಲೆಕ್ಕವು ಪೂರ್ತಿಯಾಗಿರುವುದು. ಇದನ್ನು ನೋಡಿ ಮನೆಯಲ್ಲಿ ಯಾರು ಹೆಚ್ಚು ಶ್ರಮಪಟ್ಟರೆಂದು ತೀರ್ಮಾನಿಸುವುದು ನ್ಯಾಯವಾಗಲಾರದು.

ಕ್ಯಾಲೊರಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2017ರಲ್ಲಿ ಏಳು ಬಗೆಯ ಕೈಪಟ್ಟಿ ಯಂತ್ರಗಳನ್ನು 60 ಮಂದಿಗೆ ಕಟ್ಟಿ ಪರೀಕ್ಷಿಸಿದ ವಿವರವನ್ನು ಪ್ರಕಟಿಸಿದರು. ನಾಡಿಯ ಎಣಿಕೆಯಲ್ಲಿ ಏಳರಲ್ಲಿ ಆರು ಯಂತ್ರಗಳ ವ್ಯತ್ಯಾಸವು ನೂರಕ್ಕೆ 5ರೊಳಗಿದ್ದಿತು. ವ್ಯಯವಾದ ಶಕ್ತಿಯ ಎಣಿಕೆಯಲ್ಲಾದರೋ, ಅತ್ಯುತ್ತಮವಾದ ಯಂತ್ರವೂ ಸರಾಸರಿ ನೂರಕ್ಕೆ 27ರಷ್ಟು, ಅಧಮವಾದುದು 93ರಷ್ಟು ತಪ್ಪಿದುವು. ಯಂತ್ರಗಳು ಆ ಬಳಿಕ ಸುಧಾರಿಸಿರುವುವಾದರೂ ಕ್ಯಾಲೊರಿಯು ಅನುಮಾನವಾಗಿಯೇ ಉಳಿದಿದೆ. ಆದಕಾರಣ, ಗಡಿಯಾರವು ನಾನೂರು ಎಂದು ತೋರಿಸಿತೆಂಬ ಧೈರ್ಯದಿಂದ ಎಲೆಗೆ ಮತ್ತೊಂದು ಹೋಳಿಗೆಯನ್ನು ಬಡಿಸಿಕೊಳ್ಳುವವರು ಹೋಳಿಗೆಯ ರುಚಿಗಾಗಿ ತಿನ್ನುವುದು ಒಳ್ಳೆಯದು. ಗಡಿಯಾರದ ಅಪ್ಪಣೆಯೆಂದು ತಿನ್ನಕೂಡದು. ಒಂದೇ ಸಂಚಾರವನ್ನು ಗಡಿಯಾರದ ಸ್ವಂತ ಆ್ಯಪಿನಲ್ಲಿಯೂ ಫೋನಿನೊಳಗಣ ಮೂರನೆಯವರ ಆ್ಯಪಿನಲ್ಲಿಯೂ ಬರೆಯಿಸಿದರೆ ದಿನಚರಿಯಲ್ಲಿ ಎರಡು ಸಂಚಾರಗಳು ಕಾಣುವುದುಂಟು. ಒಂದು ಕೆಲಸಕ್ಕೆ ಒಬ್ಬನೇ ಗುಮಾಸ್ತನಿರಲಿ.

ದಿನಕ್ಕೆ ಹತ್ತು ಸಾವಿರ ಹೆಜ್ಜೆಗಳೆಂಬ ಪ್ರಸಿದ್ಧವಾದ ಗುರಿಯ ಮೂಲವನ್ನೂ ಇಲ್ಲಿ ಹೇಳಬಹುದು. 1965ರಲ್ಲಿ ಜಪಾನಿನ ಕಂಪೆನಿಯೊಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಯೆಣಿಕೆಯ ಯಂತ್ರವನ್ನು ಮಾರಿ, ಅದಕ್ಕೆ ‘ಮಾನ್ಪೊ-ಕೇ’ ಎಂದು ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಗಳ ಮಾಪಕವೆಂದು ಇದರ ಅರ್ಥ. ಅಂಗಡಿಯವರ ಈ ಹೆಸರೇ ಕ್ರಮೇಣ ವೈದ್ಯವಿಧಿಯಂತೆ ಲೋಕದಲ್ಲಿ ಹಬ್ಬಿತು. ಅದಕ್ಕಿಂತ ಕಡಿಮೆ ನಡೆದವರಿಗೆ ಫಲವಿಲ್ಲವೆಂದು ಯಾರೂ ಎದೆಗುಂದಬೇಕಾದುದಿಲ್ಲ.

ಇನ್ನು ಹೃದಯದ ವಿಷಯ. ಇದು ವಿನೋದಕ್ಕೆ ಎಡೆಯಿಲ್ಲದ ಭಾಗ. ಅನೇಕ ಆ್ಯಪುಗಳು 220ರಿಂದ ವಯಸ್ಸನ್ನು ಕಳೆದು, ಅದನ್ನೇ ಹೃದಯಬಡಿತದ ಪರಮಾವಧಿಯೆಂದು ಇಟ್ಟುಕೊಂಡು, ಅದರ ಮೇಲೆ ಸುಲಭ, ಮಧ್ಯಮ, ತೀವ್ರವೆಂಬ ಮಟ್ಟಗಳನ್ನು ಕಟ್ಟುವುವು. ಈ ಗಣಿತದಂತೆ 60 ವರ್ಷದವರಿಗೆ 160 ಬರುವುದು. 2001ರಲ್ಲಿ ಪ್ರಕಟವಾದ ಮತ್ತೊಂದು ಸೂತ್ರದಂತೆ ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು 208ರಿಂದ ಕಳೆದರೆ 166 ಬರುವುದು. ಒಂದೇ ವಯಸ್ಸಿನ ಇಬ್ಬರು ಆರೋಗ್ಯವಂತರಲ್ಲಿಯೂ ಹತ್ತು ಹನ್ನೆರಡು ಬಡಿತಗಳ ಅಂತರವಿರುವುದು ಅಪೂರ್ವವಲ್ಲ. ಸೂತ್ರವು ಸಹಸ್ರ ಜನರ ಸರಾಸರಿಯನ್ನು ಹೇಳಬಲ್ಲದು. ನಮ್ಮೆದುರಿಗಿರುವ ಒಬ್ಬರ ಹೃದಯವನ್ನು ಅದು ಅರಿಯದು.

ನಮ್ಮ ಮಿತ್ರರೊಬ್ಬರು ರಕ್ತದೊತ್ತಡಕ್ಕಾಗಿ ಬೀಟಾ ಬ್ಲಾಕರ್ ಎಂಬ ಜಾತಿಯ ಔಷಧವನ್ನು ಸೇವಿಸುವರು. ಈ ಔಷಧವು ಹೃದಯದ ವೇಗವನ್ನು ತಗ್ಗಿಸುವುದಲ್ಲದೆ, ಶ್ರಮಪಟ್ಟಾಗಲೂ ಅದು ಎಂದಿನಂತೆ ಏರದ ಹಾಗೆ ಮಾಡುವುದು. ಅವರು ಹಾಕಿಕೊಂಡಿದ್ದ ಆ್ಯಪಿಗೆ ಈ ಸಂಗತಿ ತಿಳಿಯದು. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತುತ್ತಿರಲು, ಸಂಖ್ಯೆಯು ಇನ್ನೂ ಸುಲಭದ ಮಟ್ಟದಲ್ಲಿಯೇ ಇದೆ, ವೇಗವನ್ನು ಹೆಚ್ಚಿಸಬಹುದು ಎಂದು ಅದು ಹುರಿದುಂಬಿಸಿತು. ಕಾಲು ಸೋತು ಉಸಿರು ಮೇಲಾಗುತ್ತಿದ್ದರೂ ಮಿತ್ರರು ಸಂಖ್ಯೆಯನ್ನು ನಂಬಿ ವೇಗವನ್ನು ಹೆಚ್ಚಿಸಿದರು. ನಂದಿಯನ್ನು ತಲುಪುವಷ್ಟರಲ್ಲಿ ಕಣ್ಣು ಕತ್ತಲೆಗೂಡಿ ಕುಸಿದು ಕುಳಿತರು. ಜೊತೆಯಲ್ಲಿದ್ದ ಸೊಸೆಯು ನೀರು ಕುಡಿಸಿ, ಮೆಲ್ಲನೆ ಕೆಳಗಿಳಿಸಿ, ವೈದ್ಯರಲ್ಲಿಗೆ ಕರೆದೊಯ್ದಳು. ದೈವಾನುಗ್ರಹದಿಂದ ಹೆಚ್ಚಿನ ಅಪಾಯವಾಗಲಿಲ್ಲ. ಈ ಔಷಧವನ್ನು ಸೇವಿಸುವವರು ನಾಡಿಯ ಅಂಕಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳದೆ ಉಸಿರನ್ನು ಗಮನಿಸಬೇಕೆಂದೂ, ಗಡಿಯಾರಕ್ಕಾಗಿ ಔಷಧವನ್ನು ಬಿಡಕೂಡದೆಂದೂ ವೈದ್ಯರು ಹೇಳಿದರು.

ಉಸಿರಿನ ಈ ಪರೀಕ್ಷೆ ನಮ್ಮವರಿಗೆ ಹೊಸದಲ್ಲ. ಬಲಶಾಲಿಯಾದವನು ಕೂಡ ಹೇಮಂತ, ಶಿಶಿರ, ವಸಂತಗಳಲ್ಲಿ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಮಾಡಬೇಕು ಎಂಬುದು ವಾಗ್ಭಟನ ಮತ. ಅರ್ಧಶಕ್ತಿಯ ಗುರುತು ಯಾವುದೆಂದರೆ, ಬಾಯಿಂದ ಉಸಿರಾಡಬೇಕಾಗಿ ಬರುವ ಅವಸ್ಥೆಯೆಂದು ಸುಶ್ರುತಸಂಹಿತೆಯಲ್ಲಿ ಹೇಳಿದೆ. ಇಂದಿನ ವೈದ್ಯರೂ ಇದನ್ನು ಹೋಲುವ ಪರೀಕ್ಷೆಯೊಂದನ್ನು ಹೇಳುವರು: ನಡೆಯುವಾಗ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದರೆ ಆ ಶ್ರಮವು ಮಧ್ಯಮ. ಇದಕ್ಕೆ ಬೆಲೆಯೂ ಇಲ್ಲ, ಚಾರ್ಜು ಮಾಡಬೇಕಾದುದೂ ಇಲ್ಲ. ಎದೆನೋವು, ತಲೆಸುತ್ತು, ಅಕಾಲದ ಬೆವರು ಕಂಡುಬಂದರೆ, ಗಡಿಯಾರವು ಏನನ್ನೇ ತೋರಿಸುತ್ತಿರಲಿ, ಒಡನೆಯೇ ನಿಲ್ಲಿಸಿ ವೈದ್ಯರ ಸಹಾಯವನ್ನು ಪಡೆಯತಕ್ಕದ್ದು.

ಎರಡನೆಯ ಸಂಗತಿ, ಲೆಕ್ಕದ ಪುಸ್ತಕವನ್ನು ಯಾರು ನೋಡುವರೆಂಬುದು. 2017ರ ನವೆಂಬರಿನಲ್ಲಿ ಸ್ಟ್ರಾವಾದವರು ತಮ್ಮ ಬಳಕೆದಾರರ 100 ಕೋಟಿಗೂ ಮಿಕ್ಕ ವ್ಯಾಯಾಮಗಳನ್ನು ಒಟ್ಟುಗೂಡಿಸಿ, ಲೋಕದ ನಕ್ಷೆಯ ಮೇಲೆ ಬೆಳಕಿನ ಗೆರೆಗಳಾಗಿ ಪ್ರಕಟಿಸಿದರು. ಯಾರ ಹೆಸರೂ ಅದರಲ್ಲಿರಲಿಲ್ಲ. ಆದರೂ 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬನು, ಕತ್ತಲೆಯಾಗಿ ಕಾಣಬೇಕಾದ ಸಿರಿಯಾದಂತಹ ದೇಶಗಳ ನಿರ್ಜನ ಪ್ರದೇಶಗಳಲ್ಲಿ ಸೈನಿಕ ನೆಲೆಗಳ ಆಕಾರವು ಹೊಳೆಯುತ್ತಿರುವುದನ್ನು ಗುರುತಿಸಿ ಲೋಕಕ್ಕೆ ತೋರಿಸಿದನು. ಸೈನಿಕರು ಬೇಲಿಯೊಳಗೆ ಓಡಿದ ಹಾದಿಯೇ ನೆಲೆಯ ನಕ್ಷೆಯಾಗಿ ಪರಿಣಮಿಸಿದ್ದಿತು. 2024ರ ಅಕ್ಟೋಬರಿನಲ್ಲಿ ಫ್ರಾನ್ಸಿನ ‘ಲ ಮೊಂದ್’ ಪತ್ರಿಕೆಯು, ರಾಷ್ಟ್ರನಾಯಕರ ಅಂಗರಕ್ಷಕರು ಇದೇ ಆ್ಯಪಿನಲ್ಲಿ ಬಹಿರಂಗವಾಗಿ ಬಿಟ್ಟಿದ್ದ ಓಟದ ವಿವರಗಳಿಂದ ನಾಯಕರ ಸಂಚಾರಗಳನ್ನೇ ಪತ್ತೆಮಾಡಬಹುದೆಂದು ತೋರಿಸಿತು.

ನಾವು ಸೈನಿಕರೂ ಅಲ್ಲ, ಅಂಗರಕ್ಷಕರೂ ಅಲ್ಲ. ನಮಗೇನು ಎನ್ನುವವರು ಒಂದು ಮಾತನ್ನು ಯೋಚಿಸಬೇಕು. ಮನೆಯ ಹೆಣ್ಣುಮಗಳೊಬ್ಬಳು ಪ್ರತಿದಿನವೂ ನಸುಕಿನಲ್ಲಿ ಒಬ್ಬಳೇ ಓಡಲು ಹೋಗುವಳೆಂದು ಇಟ್ಟುಕೊಳ್ಳೋಣ. ಅವಳ ನಕ್ಷೆಯ ಗೆರೆಯು ಮನೆಯ ಗೇಟಿನಿಂದ ಹೊರಟು ಮನೆಯ ಗೇಟಿನಲ್ಲಿಯೇ ಮುಗಿಯುವುದು. ಎಷ್ಟು ಹೊತ್ತಿಗೆ ಹೊರಡುವಳು, ಯಾವ ತಿರುವಿನಲ್ಲಿ ಹೋಗುವಳು, ಎಲ್ಲಿ ನಿಂತು ದಣಿವಾರಿಸಿಕೊಳ್ಳುವಳು ಎಂಬುದೆಲ್ಲವೂ ಅದರಲ್ಲಿ ಬರೆದಿರುವುದು. ಅದು ಸರ್ವರಿಗೂ ತೆರೆದಿದ್ದರೆ, ಅಪರಿಚಿತನೊಬ್ಬನು ಹತ್ತು ದಿನ ಬೀದಿಯಲ್ಲಿ ಕಾದು ತಿಳಿಯಬೇಕಾದುದನ್ನು ಕುಳಿತಲ್ಲಿಯೇ ತಿಳಿದುಬಿಡುವನು. ಅವಳ ಓಟವನ್ನು ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ. ಪುಸ್ತಕಕ್ಕೆ ಬೀಗ ಹಾಕುವುದು ಪರಿಹಾರ.

ಆ ಬೀಗವು ಆ್ಯಪಿನೊಳಗೆಯೇ ಇರುವುದು. ಸ್ಟ್ರಾವಾದಲ್ಲಿ ಪ್ರತಿಯೊಂದು ವ್ಯಾಯಾಮವನ್ನೂ ಎಲ್ಲರೂ ನೋಡಬಹುದೋ, ನಮ್ಮನ್ನು ಅನುಸರಿಸುವವರು ಮಾತ್ರವೋ, ನಾವು ಮಾತ್ರವೋ ಎಂದು ಮೂರು ಬಗೆಯಾಗಿ ನಿಯಮಿಸಬಹುದು. ಗೆರೆಯ ಆರಂಭವನ್ನೂ ಅಂತ್ಯವನ್ನೂ, ಬೇಕಾದರೆ ಇಡೀ ನಕ್ಷೆಯನ್ನೂ ಇತರರಿಗೆ ಕಾಣದಂತೆ ಮರೆಮಾಡಬಹುದು. ಇತರ ಆ್ಯಪುಗಳಲ್ಲಿಯೂ ಇಂತಹ ಏರ್ಪಾಟುಂಟೇ ಎಂದು ಮೊದಲ ದಿನವೇ ಹುಡುಕತಕ್ಕದ್ದು. ಇಲ್ಲವಾದರೆ ಆ ಗುಮಾಸ್ತನನ್ನು ಬಿಡುವುದೇ ಮೇಲು.

ಅನುಮತಿಯ ವಿಷಯದಲ್ಲಿಯೂ ಒಂದೆರಡು ಮಾತು. ಐಫೋನಿನಲ್ಲಿ ಮೂರನೆಯವರ ಆ್ಯಪು ಆರೋಗ್ಯದ ದಾಖಲೆಗಳನ್ನು ಮುಟ್ಟಬೇಕಾದರೆ ನಾಡಿ, ತೂಕ, ನಿದ್ರೆ, ನಡೆದ ದಾರಿ ಎಂದು ಒಂದೊಂದಕ್ಕೂ ಅನುಮತಿ ಕೇಳಬೇಕು. ಓದಲು ಬೇರೆ, ಬರೆಯಲು ಬೇರೆ. ಓದಲು ನಾವು ಒಪ್ಪದಿದ್ದರೆ, ಒಪ್ಪಲಿಲ್ಲವೆಂಬುದು ಕೂಡ ಆ ಆ್ಯಪಿಗೆ ತಿಳಿಯದು. ದಾಖಲೆಯೇ ಇಲ್ಲವೆಂಬಂತೆ ಅದಕ್ಕೆ ತೋರುವುದು. ಆದ್ದರಿಂದ ದಾಕ್ಷಿಣ್ಯಕ್ಕೆ ಕಾರಣವಿಲ್ಲ. ನಡಿಗೆಯ ಲೆಕ್ಕ ಬರೆಯುವವನಿಗೆ ನಮ್ಮ ನಿದ್ರೆಯ ಸುದ್ದಿ ಏತಕ್ಕೆ? ಆಂಡ್ರಾಯಿಡ್ ಫೋನುಗಳಲ್ಲಿ ಹೆಲ್ತ್ ಕನೆಕ್ಟ್ ಎಂಬುದು ಇದೇ ಕೆಲಸವನ್ನು ಮಾಡುವುದು. ಅನುಮತಿಯನ್ನು ಹಿಂದಕ್ಕೆ ತೆಗೆದುಕೊಂಡರೆ ಮುಂದಿನ ಓದುವಿಕೆ ಮಾತ್ರ ನಿಲ್ಲುವುದು. ಅದಕ್ಕೆ ಮೊದಲೇ ಕಂಪೆನಿಯ ಭಂಡಾರವನ್ನು ಸೇರಿದುದು ಅಲ್ಲಿಯೇ ಇರುವುದು. ಆ್ಯಪನ್ನು ಫೋನಿನಿಂದ ಅಳಿಸಿದರೂ ಖಾತೆಯು ಅಳಿಯದು; ಅದನ್ನು ಪ್ರತ್ಯೇಕವಾಗಿ ರದ್ದುಪಡಿಸಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆಯಲು ಸಾಧ್ಯವಿರಬೇಕೆಂಬ ತತ್ತ್ವವನ್ನು ನಮ್ಮ ದೇಶದ 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಅಂಗೀಕರಿಸಿದೆ.

ಇಷ್ಟು ಹೇಳಿದುದರಿಂದ ಗಡಿಯಾರವನ್ನು ಬಿಚ್ಚಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮವನ್ನೂ, ಎರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಮಾಡಬೇಕು. ವಾರದಲ್ಲಿ ಎಷ್ಟು ನಿಮಿಷ ನಡೆದೆವೆಂಬುದನ್ನು ಮರೆಯದೆ ಹೇಳುವುದರಲ್ಲಿ ಈ ಯಂತ್ರಕ್ಕೆ ಸಮಾನವಾದುದಿಲ್ಲ. ಇಂದಿನ ಅಂಕಿಯನ್ನು ನಿನ್ನೆಯದರೊಡನೆ ಹೋಲಿಸಿ ಕೊರಗದೆ, ಈ ತಿಂಗಳನ್ನು ಕಳೆದ ತಿಂಗಳೊಡನೆ ಹೋಲಿಸಿದರೆ ಪ್ರಯೋಜನವು ಹೆಚ್ಚು. ವ್ಯಾಯಾಮವೆಂಬ ಶಬ್ದದೊಳಗೆ ‘ಯಮ್’ ಎಂಬ ಧಾತುವಿದೆ; ಹಿಡಿತದಲ್ಲಿಡುವುದೆಂಬುದು ಅದರ ಅರ್ಥಗಳಲ್ಲೊಂದು. ಗಡಿಯಾರವನ್ನು ತಂದುಕೊಟ್ಟ ಮಕ್ಕಳು ಒಂದು ಸಂಜೆ ಹಿರಿಯರ ಪಕ್ಕದಲ್ಲಿ ಕುಳಿತು, ಯಾವ ಅನುಮತಿ ಯಾರಿಗೆ ಕೊಟ್ಟಿದೆ, ನಕ್ಷೆಯು ಯಾರಿಗೆ ಕಾಣುವುದು, ಸೇವಿಸುವ ಔಷಧ ಯಾವುದು ಎಂಬ ಮೂರನ್ನು ಪರಿಶೀಲಿಸಿಕೊಟ್ಟರೆ, ತಾವು ಕೊಟ್ಟ ಉಡುಗೊರೆಯನ್ನು ಪೂರ್ತಿಯಾಗಿ ಕೊಟ್ಟಂತಾಗುವುದು.