ಮನೆಗೆ ಒಗ್ಗುವುದು ಚಿಪ್ಪಣಬೆ

ಅಂಗಡಿಯಲ್ಲಿ ಹೆಚ್ಚಾಗಿ ಕಾಣುವುದು ಬಟನ್ ಅಣಬೆ. ಮನೆಯಲ್ಲಿ ಅಣಬೆ ಬೆಳೆಯಬೇಕೆನ್ನುವವರ ಮನಸ್ಸೂ ಮೊದಲು ಅದರತ್ತಲೇ ಹೋಗುತ್ತದೆ. ಆದರೆ ಅದಕ್ಕೆ ವಾರಗಟ್ಟಲೆ ಕೊಳೆಸಿದ ಕಾಂಪೋಸ್ಟ್ ಬೇಕು, ಮೊಗ್ಗು ಬರುವಾಗ 14ರಿಂದ 18 ಡಿಗ್ರಿಯ ತಂಪು ಬೇಕು. ಎಸಿ ಇಲ್ಲದ ಮನೆಯಲ್ಲಿ, ಅದೂ ನಮ್ಮ ಬಯಲುಸೀಮೆಯಲ್ಲಿ, ಇದು ಆಗದ ಮಾತು. ಚಿಪ್ಪಣಬೆ ಹಾಗಲ್ಲ. ಕಾಡಿನ ಒಣಮರದ ಮೇಲೆ ಹುಟ್ಟುವ ಈ ಜಾತಿ ಗಟ್ಟಿ ನಾರನ್ನೂ ತಾನೇ ಅರಗಿಸಿಕೊಳ್ಳುತ್ತದೆ. ಬರೀ ಭತ್ತದ ಹುಲ್ಲು ಸಾಕು, 20ರಿಂದ 28 ಡಿಗ್ರಿಯಲ್ಲಿ ಚೆನ್ನಾಗಿ ಬರುತ್ತದೆ. ಸೆಕೆಯ ತಿಂಗಳುಗಳಿಗೆ ಹಾಲಣಬೆ ಇದೆ.

‘ಬೀಜ ಹಾಕಿದೆವು, ಎಲ್ಲ ಹಸಿರುಗಟ್ಟಿ ಹೋಯಿತು’ ಎನ್ನುವವರಿದ್ದಾರೆ. ಬಹುಪಾಲು ತಪ್ಪು ಬೀಜದ್ದಲ್ಲ, ಹುಲ್ಲಿನದು. ಅದರಲ್ಲಿ ಬೇರೆ ಬೂಷ್ಟುಗಳೂ ಇರುತ್ತವೆ; ಹಸಿರು ಬಣ್ಣದ ಟ್ರೈಕೋಡರ್ಮಾ ಅಣಬೆಗಿಂತ ಬೇಗ ಹಬ್ಬುತ್ತದೆ. ಆದ್ದರಿಂದ ಎರಡಂಗುಲಕ್ಕೆ ಕತ್ತರಿಸಿದ ಹುಲ್ಲನ್ನು ರಾತ್ರಿಯಿಡೀ ನೆನೆಸಿ, 80 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ಒಂದು ಗಂಟೆ ಇಟ್ಟು, ಬಸಿದು ಆರಿಸಬೇಕು. ಒಂದು ಹಿಡಿ ಹುಲ್ಲನ್ನು ಬಿಗಿಯಾಗಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ತೊಟ್ಟಿಕ್ಕಬಾರದು. ಈ ಹದ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಆಮೇಲೆ ಕೆಲಸ ಕಡಿಮೆ: ಜೋಳದ ಕಾಳಿನ ಮೇಲೆ ಬೆಳೆಸಿದ ಬೀಜವನ್ನು ಹುಲ್ಲಿನ ಪದರಗಳ ನಡುವೆ ಉದುರಿಸಿ, ತೂತು ಮಾಡಿದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕತ್ತಲಲ್ಲಿಟ್ಟರೆ ಸುಮಾರು ಮೂರು ವಾರದಲ್ಲಿ ಚೀಲವೆಲ್ಲ ಬೆಳ್ಳಗಾಗುತ್ತದೆ. ಚೀಲ ಸೀಳಿ, ಗಾಳಿಯಾಡುವ ಕಡೆ ತೂಗುಹಾಕಿ ನೀರು ಚಿಮುಕಿಸುತ್ತಿದ್ದರೆ ಗುಂಡುಸೂಜಿಯ ತಲೆಯಂಥ ಮೊಗ್ಗುಗಳು ಏಳುತ್ತವೆ. ಬೀಜ, ತರಬೇತಿ ಎರಡನ್ನೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಡುತ್ತದೆ.

ಅಣಬೆಯಲ್ಲಿ ವಿಷವಿದ್ದೀತು ಎಂಬ ಭಯ ಸುಳ್ಳಲ್ಲ. ಕಾಡಿನ ಕೆಲವು ಅಮಾನಿಟಾ ಜಾತಿಗಳ ವಿಷ ಬೇಯಿಸಿದರೂ ಹೋಗದು. ವಾಂತಿ, ಭೇದಿ ಕಾಣಿಸಲು ಆರು ಗಂಟೆಗೂ ಹೆಚ್ಚು ಹಿಡಿಯಬಹುದು, ಅಷ್ಟರಲ್ಲಿ ವಿಷ ಲಿವರಿಗೆ ಇಳಿದಿರುತ್ತದೆ. ಆದರೆ ಈ ಭಯವೇ ಮನೆಯ ಚೀಲದ ಪರ ವಾದಿಸುತ್ತದೆ, ಏಕೆಂದರೆ ಅಲ್ಲಿ ಬಿತ್ತಿದ್ದು ಯಾವುದೆಂದು ಗೊತ್ತು. ಬೇರೆ ರೂಪದ್ದೇನಾದರೂ ಎದ್ದರೆ ಚೀಲವನ್ನೇ ಎಸೆಯಬೇಕು. ಕಾಡಿನ ಅಣಬೆಯ ರುಚಿ ಇದಕ್ಕಿಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ಪೂರ್ತಿ ಉತ್ತರವಿಲ್ಲ. ಕೊಡಗಿನವರು ಕುಮ್ಮು ಕರಿಗೆ, ಅಂದರೆ ಅಣಬೆ ಸಾರಿಗೆ, ಮಳೆಗಾಲವಿಡೀ ಕಾಯುವ ಹುತ್ತದ ಅಣಬೆ ಗೆದ್ದಲುಗಳ ಜೊತೆಗೇ ಬದುಕುವಂಥದ್ದು, ಚೀಲದಲ್ಲಿ ಬೆಳೆಯದು. ಇನ್ನು ಮಾರಾಟದ ಆಸೆ: ಚಿಪ್ಪಣಬೆ ಬಲು ಮೆದು, ಫ್ರಿಜ್ಜಿನಲ್ಲೂ ಕೆಲವೇ ದಿನ ತಾಳುತ್ತದೆ. ಕೊಳ್ಳುವವರು ಗೊತ್ತಾಗುವವರೆಗೆ ಮನೆಯ ಸಾರಿಗೆ ಎಷ್ಟು ಬೇಕೋ ಅಷ್ಟೇ ಚೀಲ ಕಟ್ಟುವುದು ಒಳ್ಳೆಯದು.