ಅರಸನನ್ನೂ ಪ್ರಶ್ನಿಸುವ ಅಂಗಳ

ದುಡ್ಡಿಗೆ ‘ಮಳೆ’ ಎಂದು ಹೆಸರಿಟ್ಟ ದೇಶವೊಂದಿದೆ ಎಂದರೆ ನಂಬುವಿರಾ? ಭೂಪಟದಲ್ಲಿ ದಕ್ಷಿಣ ಆಫ್ರಿಕಾದ ನೆತ್ತಿಯ ಮೇಲಿರುವ ಬೋಟ್ಸ್ವಾನಾವನ್ನು ಗುರುತಿಸಿ. ಮಕರ ಸಂಕ್ರಾಂತಿ ವೃತ್ತ ಈ ದೇಶದ ಮೂಲಕ ಹಾದುಹೋಗುತ್ತದೆ. ಆ ಅಕ್ಷಾಂಶದ ಆಸುಪಾಸಿನಲ್ಲಿ ಗಾಳಿ ಮೇಲಿನಿಂದ ಕೆಳಗಿಳಿಯುವುದೇ ಹೆಚ್ಚು. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಮೋಡ ಕಟ್ಟುವುದು ಕಷ್ಟ. ಕಲಹರಿ ಮರಳುನಾಡಿನ ಗುಟ್ಟು ಮುಖ್ಯವಾಗಿ ಇದೇ. ಇಂಥ ಕಡೆ ಮಳೆಗೆ ಬೆಲೆ ಹೆಚ್ಚು. ಇಲ್ಲಿನ ತ್ಸ್ವಾನಾ ಜನರ ಭಾಷೆಯಲ್ಲಿ ‘ಪುಲ’ ಎಂದರೆ ಮಳೆ. ಹರಸುವ ಮಾತೂ ಪುಲ, ಸಭೆಯ ಜಯಕಾರವೂ ಪುಲ. 1976ರಿಂದ ದೇಶದ ಹಣದ ಹೆಸರೂ ಪುಲ!

ನಾವು ಪದದ ಕೊನೆಗೆ ಪ್ರತ್ಯಯ ಹಚ್ಚಿದರೆ ಅವರು ಮೊದಲಿಗೆ ಹಚ್ಚುತ್ತಾರೆ. ಒಬ್ಬನಾದರೆ ಮೋತ್ಸ್ವಾನಾ, ಹಲವರಾದರೆ ಬಾತ್ಸ್ವಾನಾ, ಭಾಷೆ ಸೆತ್ಸ್ವಾನಾ, ನಾಡು ಬೋಟ್ಸ್ವಾನಾ. ವಿಚಿತ್ರವೆಂದರೆ, ಬೋಟ್ಸ್ವಾನಾಕ್ಕಿಂತ ಹೆಚ್ಚು ತ್ಸ್ವಾನಾ ಜನ ಇರುವುದು ಗಡಿಯಾಚೆ, ದಕ್ಷಿಣ ಆಫ್ರಿಕಾದಲ್ಲಿ. 1885ರಲ್ಲಿ ಬ್ರಿಟಿಷರು ಮೊಲೊಪೊ ನದಿಯನ್ನೇ ಗೆರೆಯಾಗಿಸಿ ಇವರ ನೆಲವನ್ನು ಎರಡು ಮಾಡಿದ್ದರ ಫಲ ಇದು.

ನೀರಿರುವಲ್ಲಿ ಒಟ್ಟಾಗಿ ದೊಡ್ಡ ಊರು ಕಟ್ಟಿಕೊಂಡು, ಹೊಲಗಳನ್ನು ಊರಾಚೆ, ದನದ ಹಟ್ಟಿಗಳನ್ನು ಇನ್ನೂ ದೂರ ಇಟ್ಟುಕೊಳ್ಳುವುದು ಇವರ ಹಳೆಯ ಪದ್ಧತಿ. ಸಾವಿರಾರು ಜನ ಒಂದೆಡೆ ಇದ್ದ ಮೇಲೆ ತಂಟೆ ತಕರಾರು ಇದ್ದದ್ದೇ. ಅದನ್ನು ತೀರ್ಮಾನಿಸುವ ಜಾಗವೇ ‘ಖೋಟ್ಲ’: ಮರದ ಗೂಟಗಳ ಅರ್ಧಚಂದ್ರಾಕಾರದ ಬೇಲಿಯೊಳಗಿನ ಒಂದು ಅಂಗಳ. ಅರಸ ಎಲ್ಲರ ಮಾತು ಕೇಳಿ, ಕೊನೆಯಲ್ಲಿ ತಾನು ಮಾತಾಡಬೇಕು. ಅರಸ ಅರಸನಾಗುವುದು ಜನರಿಂದ ಎಂಬುದು ಅವರ ಗಾದೆ.

ಈ ಗಾದೆಗೆ ನಿಜವಾದ ಪರೀಕ್ಷೆ ಬಂದದ್ದು 1948ರಲ್ಲಿ. ಬಾಂಗ್ವಾಟೊ ಪಂಗಡದ ಪಟ್ಟದ ವಾರಸುದಾರ ಸೆರೆಟ್ಸೆ ಖಾಮಾ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದವರು, ರೂತ್ ವಿಲಿಯಮ್ಸ್ ಎಂಬ ಬಿಳಿಯ ಯುವತಿಯನ್ನು ಮದುವೆಯಾದರು. ಅವರ ಪರವಾಗಿ ಆಳುತ್ತಿದ್ದ ಚಿಕ್ಕಪ್ಪ ಶೆಕೆಡಿ ಕೆಂಡಾಮಂಡಲವಾದರು. ಸೆರೋವೆ ಊರಿನ ಖೋಟ್ಲದಲ್ಲಿ ಸಭೆ ಸೇರಿತು. ಮೊದಲು ಹೆಚ್ಚಿನವರು ಮದುವೆಗೆ ವಿರುದ್ಧವೇ. ಸಭೆಗಳು ಮತ್ತೆ ಮತ್ತೆ ನಡೆದವು, ಜನ ವಾದಿಸಿದರು, ಯೋಚಿಸಿದರು. 1949ರ ಜೂನ್ ಹೊತ್ತಿಗೆ ಗಾಳಿ ತಿರುಗಿತ್ತು. ಸಾವಿರಾರು ಮಂದಿ ಸೆರೆಟ್ಸೆಯನ್ನೂ ಅವರ ಮಡದಿಯನ್ನೂ ಒಪ್ಪಿಕೊಂಡರು.

ಒಪ್ಪದಿದ್ದದ್ದು ಬ್ರಿಟಿಷ್ ಸರ್ಕಾರ. ವರ್ಣಭೇದದ ದಕ್ಷಿಣ ಆಫ್ರಿಕಾ ಮುನಿಸಿಕೊಂಡೀತು, ಅಲ್ಲಿನ ಚಿನ್ನ, ಯುರೇನಿಯಂ ತಪ್ಪೀತು ಎಂಬ ಭಯ. 1950ರಲ್ಲಿ ಮಾತುಕತೆಗೆಂದು ಲಂಡನ್ನಿಗೆ ಕರೆಸಿಕೊಂಡು ಸೆರೆಟ್ಸೆಯನ್ನು ಗಡೀಪಾರು ಮಾಡಿತು. ಕರೆಸಿಕೊಂಡು ಹೀಗೆ ಮಾಡುವುದು ಯಾವ ನ್ಯಾಯವೋ! ಆ ನಿರ್ಧಾರ ತಿಳಿಸಲು ಹೈಕಮೀಷನರ್ ಈವ್ಲಿನ್ ಬೇರಿಂಗ್ ಸೆರೋವೆಯಲ್ಲಿ ಸಭೆ ಕರೆದರೆ, ಖೋಟ್ಲಕ್ಕೆ ಜನ ಬರಲೇ ಇಲ್ಲ. ಬೇರೆ ಅರಸನನ್ನು ಆರಿಸಿಕೊಳ್ಳಿ ಎಂದರೆ ಅದಕ್ಕೂ ಒಪ್ಪಲಿಲ್ಲ. 1956ರಲ್ಲಿ ಸೆರೆಟ್ಸೆ ಪಟ್ಟದ ಹಕ್ಕು ಬಿಟ್ಟುಕೊಟ್ಟು ಸಾಮಾನ್ಯ ಪ್ರಜೆಯಾಗಿ ಊರಿಗೆ ಮರಳಿದರು. ಹತ್ತು ವರ್ಷಗಳ ಬಳಿಕ, 1966ರ ಸೆಪ್ಟೆಂಬರ್ 30ರಂದು, ಸ್ವತಂತ್ರ ಬೋಟ್ಸ್ವಾನಾದ ಮೊದಲ ಅಧ್ಯಕ್ಷರಾದರು.

ಹಾಗೆಂದು ಖೋಟ್ಲವನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಹಿಂದೆ ಅಲ್ಲಿ ಹೆಂಗಸರಿಗೆ ಮಾತಾಡುವ ಅವಕಾಶ ಇರಲಿಲ್ಲ. ಜೀತಕ್ಕಿದ್ದ ಬಸಾರ್ವಾ ಬೇಡರಿಗಂತೂ ಕೇಳುವವರೇ ಇರಲಿಲ್ಲ. ಖೋಟ್ಲಗಳಲ್ಲಿ ಈಗಲೂ ವ್ಯಾಜ್ಯಗಳು ತೀರುತ್ತವೆ, ಮಂತ್ರಿಗಳು ಬಂದು ಜನರಿಗೆ ಲೆಕ್ಕ ಒಪ್ಪಿಸುತ್ತಾರೆ, ಹೆಂಗಸರೂ ಮಾತಾಡುತ್ತಾರೆ. 2003ರಲ್ಲಿ ಬಲೆಟೆ ಪಂಗಡದ ಪರಮೋಚ್ಚ ಪೀಠಕ್ಕೆ ಮೊದಲ ಬಾರಿಗೆ ಒಬ್ಬ ಮಹಿಳೆ ಏರಿದರು. ಅವರ ಹೆಸರು ಮೊಸಾದಿ ಸೆಬೋಕೊ. ಸೆತ್ಸ್ವಾನಾ ಭಾಷೆಯಲ್ಲಿ ಮೊಸಾದಿ ಎಂದರೆ ಹೆಂಗಸು ಎಂದೇ ಅರ್ಥ.