ಜಾಲತಾಣ: ಸಿದ್ಧ ಅಚ್ಚೋ, ಕೈಹೊಲಿಗೆಯೋ?

ಬೆಳಗಾವಿ ಜಿಲ್ಲೆಯೂ ಸೇರಿದಂತೆ ಎಂಟು ಜಿಲ್ಲೆಗಳ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಮನೆಯ ವಿದ್ಯಾರ್ಥಿಯೊಬ್ಬ ಮಾರಾಟಕ್ಕೆ ಜಾಲತಾಣ ಮಾಡಬೇಕೆಂದರೆ ಎರಡು ದಾರಿಗಳಿವೆ.

ಒಂದು, ವಿಕ್ಸ್‌ನಂಥ ಸಿದ್ಧ ಸಲಕರಣೆ. ಚಿತ್ರ, ಬರಹಗಳನ್ನು ಮೌಸ್‌ನಿಂದ ಎಳೆದು ಕೂರಿಸಿದರೆ ಸಂಜೆಯೊಳಗೆ ಪುಟ ಸಿದ್ಧ. ಇನ್ನೊಂದು, ಟಿಮ್ ಬರ್ನರ್ಸ್-ಲೀ ರೂಪಿಸಿದ ಎಚ್‌ಟಿಎಂಎಲ್ ಅನ್ನು ಕೈಯಾರೆ ಬರೆಯುವುದು. ಅಭ್ಯಾಸಕ್ಕೆ ನೋಟ್‌ಪ್ಯಾಡ್ ಮತ್ತು ಬ್ರೌಸರ್ ಸಾಕು. ಅಂತರ್ಜಾಲ ಸಂಪರ್ಕವೂ ಬೇಕಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡಗಳ ಗಿರಾಕಿಗಳಲ್ಲಿ ಕನ್ನಡ ಓದುವವರೂ ಇದ್ದಾರೆ, ಮರಾಠಿ ಓದುವವರೂ ಇದ್ದಾರೆ. ಯಾವ ಸಾಲು ಯಾವ ಭಾಷೆಯದೆಂದು ಕೋಡ್‌ನಲ್ಲಿ 'ಲ್ಯಾಂಗ್' ಎಂಬ ಗುರುತು ಹಾಕಿದರೆ, ಅಂಧರಿಗೆ ಓದಿ ಹೇಳುವ ತಂತ್ರಾಂಶ ಸರಿಯಾದ ಉಚ್ಚಾರ ಆರಿಸಿಕೊಳ್ಳಬಲ್ಲದು. 'ಕೆಎನ್' ಎಂದರೆ ಕನ್ನಡ, 'ಎಂಆರ್' ಎಂದರೆ ಮರಾಠಿ.

ಸಿದ್ಧ ಸಲಕರಣೆಯ ದೊಡ್ಡ ತೊಡಕು ಪರಾವಲಂಬನೆ. ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಇದ್ದಂತೆಯೇ ಬೇರೆಡೆಗೆ ಒಯ್ಯಲಾಗದು. ಯಾಹೂ ಸಂಸ್ಥೆ 2009ರಲ್ಲಿ ಅಮೆರಿಕದ ಜಿಯೋಸಿಟೀಸ್ ಸೇವೆ ನಿಲ್ಲಿಸಿದಾಗ, ಮೂಲ ಕಡತಗಳನ್ನು ತಮ್ಮ ಬಳಿ ಇಟ್ಟುಕೊಂಡವರು ಅದೇ ಪುಟವನ್ನು ಬೇರೆಡೆ ತೆರೆಯಬಹುದಿತ್ತು.

ಆದ್ದರಿಂದ ಪಾಲಕರು ಅವಸರ ಮಾಡಬೇಕಿಲ್ಲ. ಅಂಗಡಿ ಬೇಗ ತೆರೆಯಬೇಕಿದ್ದರೆ ಸಿದ್ಧ ಸಲಕರಣೆ ಇರಲಿ. ಮಕ್ಕಳು ಎಚ್‌ಟಿಎಂಎಲ್ ಅನ್ನೂ ಕಲಿಯಲಿ. ಹೊಲಿಗೆ ಬಲ್ಲವನಿಗೆ ಚಪ್ಪಲಿಯ ಉಂಗುಟ ಕಿತ್ತರೆ ಚಿಂತೆಯಿಲ್ಲ.